ಸೊಸೆ ಊರಲ್ಲಿಲ್ಲ

ಪರಗ್ವಾಸು ನದಿ ಕಡಲನ್ನು ಕೂಡುವಲ್ಲಿ ನೀರು ದಿನಕ್ಕೆರಡು ಸಲ ಮುನಿಸಿಕೊಂಡವರ ಹಾಗೆ ದೂರ ಹೋಗುತ್ತದೆ, ದಿನಕ್ಕೆರಡು ಸಲ ಯಾರೂ ಕರೆಯದೆಯೇ ಮರಳಿ ಬರುತ್ತದೆ. ಇಳಿತದ ಹೊತ್ತಿಗೆ ಕಾಂಡ್ಲಾ ಗಿಡಗಳ ಬೇರು ಬತ್ತಲಾಗಿ ಕೆಸರು ಗುಳುಗುಳು ಉಸಿರಾಡತೊಡಗಿದರೆ, ದೊರಲೀಸ ಬಕೆಟ್ಟು ಹಿಡಿದು ಇಳಿಯುತ್ತಿದ್ದಳು. ಮೂವತ್ತೆಂಟು ವರ್ಷ ಆ ಕೆಸರಿನಿಂದ ಚಿಪ್ಪಿ ಹೆಕ್ಕಿಯೇ ಮನೆ ನಡೆಸಿದವಳು. ಮೇಲಿನ ಸಣ್ಣ ತೂತು ನೋಡಿ, ಒಳಗಿರುವ ಚಿಪ್ಪಿ ಜೀವಂತವೋ ಖಾಲಿಯೋ ಎಂದು ಹೇಳಬಲ್ಲಳು. ಮನುಷ್ಯರ ವಿಷಯದಲ್ಲೂ ತನ್ನ ಕಣ್ಣು ತಪ್ಪುವುದಿಲ್ಲವೆಂದು ನಂಬಿದ್ದಳು.

ಮೇ ತಿಂಗಳ ಒಂದು ಗುರುವಾರ ಅವಳು ಮೊಣಕಾಲುದ್ದ ಕೆಸರಿನೊಂದಿಗೆ ಮನೆಗೆ ಬಂದಾಗ ಸೊಸೆ ಜಸೀರ ಹೊಸ್ತಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಆರೋಗ್ಯ ಕೇಂದ್ರದ ಕಾಗದ. ಜಸೀರಳಿಗೆ ಆಗ ನಾಲ್ಕು ತಿಂಗಳು. ಇದು ಮೂರನೆಯ ಬಸುರು. ಮೊದಲಿನ ಎರಡೂ ಮೂರನೇ ತಿಂಗಳು ದಾಟಿರಲಿಲ್ಲ. ಈ ಸಲ ದಾಟಿದೆ ಎಂದು ದೊರಲೀಸ ಹಿಂದಿನ ಭಾನುವಾರವಷ್ಟೇ ಕೋಳಿ ಕೊಯ್ದಿದ್ದಳು.

"ಏನೇ ಅದು? ಗಂಡಂತೋ, ಹೆಣ್ಣಂತೋ?"

"ಅದಲ್ಲ ಅತ್ತೆ." ಜಸೀರ ಕಾಗದವನ್ನು ನಾಲ್ಕು ಮಡಿಕೆ ಮಾಡಿದಳು. "ನನ್ನ ರಕ್ತದಲ್ಲಿ ಸಿಫಿಲಿಸ್ ಇದೆಯಂತೆ. ಮೂರು ಗುರುವಾರ ಸೂಜಿ ಹಾಕಿಸ್ಕೋಬೇಕಂತೆ. ವಾಲ್ಮೀರನೂ ಬರಬೇಕಂತೆ."

ದೊರಲೀಸಳ ಕೈಯಿಂದ ಬಕೆಟ್ಟು ಜಾರಲಿಲ್ಲ. ಅವಳು ಅದನ್ನು ಮೆಲ್ಲಗೆ, ಮೊಟ್ಟೆಯ ಬುಟ್ಟಿಯ ಹಾಗೆ ಕೆಳಗಿಟ್ಟಳು.

"ಇನ್ನೊಂದು ಪರೀಕ್ಷೆಗೆ ರಕ್ತ ಸಾಲ್ವಡೋರ್ ಪಟ್ಟಣಕ್ಕೆ ಕಳಿಸಿದಾರೆ," ಜಸೀರ ಹೇಳುತ್ತಲೇ ಇದ್ದಳು. "ಅದು ಬಂದ್ಮೇಲೇ ಪಕ್ಕಾ ಅಂತ. ಆದ್ರೆ ಬರೋವರ್ಗೂ ಕಾಯೋ ಹಾಗಿಲ್ಲ, ಮಗೂಗೆ ಕೆಡುಕು ಅಂದ್ರು ನರ್ಸಮ್ಮ."

ಒಳಗೆ ಬೆಂದ ಚಿಪ್ಪಿ ಬಿಡಿಸುತ್ತ ಕೂತಿದ್ದ ಮುದುಕಿ ಲೌರಿಂದ ನಕ್ಕಳು. ದೊರಲೀಸಳ ಅತ್ತೆ, ಎಂಬತ್ತೆರಡು ವರ್ಷ, ಹಲ್ಲು ಮೂರು, ಕಿವಿ ಮಾತ್ರ ನಾಯಿಯದು.

"ಈ ಮನೆಗೆ ಆ ನೆಂಟ ಹೊಸಬನಲ್ಲ ಬಿಡಿ. ದಾರಿ ಗೊತ್ತಿದೆ ಅವನಿಗೆ."

"ದಾರಿ ತೋರಿಸಿದವನು ನಿಮ್ಮ ಮಗ," ಎಂದಳು ದೊರಲೀಸ.

ನಿಜವೇ. ದೊರಲೀಸಳ ತೀರಿಹೋದ ಗಂಡ ಅನೀಸಿಯೊ ಸರಕಿನ ಹಾಯಿದೋಣಿಯಲ್ಲಿದ್ದವನು. ಬಂದರಿನಿಂದ ಬಂದರಿಗೆ ಹೋಗಿ ಅದೇ ಕಾಯಿಲೆಯನ್ನು ಮನೆಗೆ ತಂದಿದ್ದ. ದೊರಲೀಸಳ ಚೊಚ್ಚಲ ಕೂಸು ಒಂಬತ್ತು ದಿನ ಬದುಕಿತ್ತು. ಆಗ ಲೌರಿಂದ, ಓಣಿಯೆಲ್ಲ ಕೇಳುವ ಹಾಗೆ, "ನನ್ನ ಮಗ ಚಿನ್ನ, ಇವಳೇ ಎಲ್ಲಿಂದಲೋ ತಂದಳು" ಎಂದಿದ್ದಳು. ಅವತ್ತೇ ದೊರಲೀಸ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದಳು: ನನಗೊಬ್ಬಳು ಸೊಸೆ ಬಂದರೆ ನಾನು ಅಂಥ ಅತ್ತೆ ಆಗುವುದಿಲ್ಲ.

ಹಾಗಾಗಿ ಮಧ್ಯಾಹ್ನ ಮಗ ವಾಲ್ಮೀರ ಮೀನು ಹಿಡಿದು ಬಂದು, ಅವರೆಕಾಳಿನ ಸಾರಿಗೆ ಮರಗೆಣಸಿನ ಹುರಿಹಿಟ್ಟು ಕಲಸಿಕೊಳ್ಳುತ್ತಿದ್ದಾಗ, ದೊರಲೀಸ ಸೌಟನ್ನೇ ಅವನ ಬೆನ್ನಿಗೆ ಬಾರಿಸಿದಳು.

"ನಿಮ್ಮಪ್ಪನ ಮಗನೇ! ಎಲ್ಲಿ ಬಿದ್ದು ಹೊರಳಾಡಿ ಬಂದ್ಯೋ?"

"ಅಮ್ಮಾ! ಏನಾಯ್ತು? ಉಣ್ಣೋಕಾದ್ರೂ ಬಿಡು!"

ಕಾಗದ ನೋಡಿ ಅವನ ಮುಖ ಕಪ್ಪಿಟ್ಟಿತು. "ನಾನು ಎಲ್ಲೂ ಹೋಗಿಲ್ಲ. ಅವಳ ಹೊಟ್ಟೇಲಿರೋ ಕೂಸಿನಾಣೆ."

"ಆ ಕೂಸಿನ ಮೇಲೆ ಆಣೆ ಬೇರೆ ಹಾಕ್ತೀಯಾ? ಎದ್ದೇಳು ತಟ್ಟೆ ಮುಂದಿಂದ."

ಆಗ ಜಸೀರ ಅಡ್ಡ ಬಂದು ನಿಂತಳು. "ಅತ್ತೆ, ಅವನಲ್ಲ. ನನಗೆ ಗೊತ್ತು. ಕಾಗದವೇ ತಪ್ಪಿರಬೇಕು."

"ಕಾಗದಕ್ಕೇನೇ ನಿನ್ನ ಮೇಲೆ ಹಗೆ? ಸುಳ್ಳು ಯಾಕೆ ಹೇಳುತ್ತೆ ಅದು? ಗಂಡಸರನ್ನ ನಂಬೋದು, ಇಳಿತದಲ್ಲಿ ದೋಣಿ ಕಟ್ಟಿದ ಹಾಗೆ."

"ಇರಲಿ. ನಾನು ಅವನನ್ನೇ ನಂಬ್ತೀನಿ," ಎಂದು ಜಸೀರ ಗಂಡನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದಳು.

ಎರಡು ಗುರುವಾರ ಗಂಡ ಹೆಂಡತಿ ಜೊತೆಯಲ್ಲೇ ಹೋಗಿ ಸೂಜಿ ಹಾಕಿಸಿಕೊಂಡು, ಜೊತೆಯಲ್ಲೇ ಕುಂಟುತ್ತ ಬಂದರು. ಸೊಂಟದ ಕೆಳಗಿನ ಆ ಸೂಜಿ ಎಷ್ಟು ಉರಿಯುತ್ತದೆಂದರೆ, ಕೂರುವಾಗ ಇಬ್ಬರೂ ಒಟ್ಟಿಗೆ "ಅಯ್ಯೋ" ಎನ್ನುತ್ತಿದ್ದರು. ಹಾಗೆಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದರು. ದೊರಲೀಸಳಿಗೆ ಆ ನಗು ಕಂಡು ಸಿಟ್ಟೂ ಬರುತ್ತಿತ್ತು, ಮನಸ್ಸು ಮೆತ್ತಗೂ ಆಗುತ್ತಿತ್ತು.

ಮೂರನೆಯ ಗುರುವಾರ ವಾಲ್ಮೀರನ ರಕ್ತದ ಕಾಗದ ಬಂತು. ಅದರಲ್ಲಿ ಕಾಯಿಲೆಯ ಸುಳಿವೇ ಇರಲಿಲ್ಲ.

ಅವನು ಅದನ್ನು ಊಟದ ಮೇಜಿನ ಮೇಲೆ ಹರಡಿಟ್ಟು ಅದರ ಮೇಲೆ ಉಪ್ಪಿನ ಬಟ್ಟಲು ಇಟ್ಟ, ಗಾಳಿಗೆ ಹಾರದ ಹಾಗೆ. "ಓದಮ್ಮ. ಗಟ್ಟಿಯಾಗಿ ಓದು. ಸೌಟಲ್ಲಿ ಹೊಡೆದ್ಯಲ್ಲ."

ದೊರಲೀಸ ಓದಿದಳು. ಲೌರಿಂದಜ್ಜಿ ಚಿಪ್ಪಿ ಬಿಡಿಸುವುದನ್ನು ನಿಲ್ಲಿಸಿದಳು. ಆಮೇಲೆ ಮೂವರೂ ಜಸೀರಳ ಕಡೆ ನೋಡಿದರು. ಅವಳು ಜೋಳದ ಹಿಟ್ಟಿನ ಕಡುಬನ್ನು ಹಬೆಯಿಂದ ಇಳಿಸುತ್ತಿದ್ದಳು.

"ನೋಡಿದ್ರಾ, ನಾನು ಹೇಳ್ಲಿಲ್ವಾ?" ಎಂದು ಅವಳು ಸಂತೋಷದಿಂದಲೇ ತಿರುಗಿದಳು. ತಿರುಗಿದ ಮೇಲೆ ಆ ಮೂರು ಮುಖ ಕಂಡಳು.

"ಹಾಗಾದ್ರೆ ಇದು ಯಾರದು?" ವಾಲ್ಮೀರ ಕೇಳಿದ.

"ಯಾರದೂ ಅಲ್ಲ. ತಪ್ಪು ಬಂದಿದೆ."

"ನಂದು ಸರಿ ಬಂತು, ನಿಂದು ಮಾತ್ರ ತಪ್ಪು ಬಂತಾ? ನೀನು ಸಾಲ್ವಡೋರಲ್ಲಿ ನಾಲ್ಕು ವರ್ಷ ಇದ್ಯಲ್ಲ, ಆ ದೊಡ್ಡ ಮನೇಲಿ."

"ನೆಲ ಒರೆಸ್ತಿದ್ದೆ."

"ಬರೀ ನೆಲ?"

ಜಸೀರ ಕಡುಬಿನ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಬರಿಗೈಯಲ್ಲಿ ಹಿಡಿದಿದ್ದಳು, ಬೆರಳು ಕೆಂಪಾಗಿದ್ದವು.   ದೊರಲೀಸ ಒಂದು ಮಾತು ಹೇಳಬಹುದಾಗಿತ್ತು. ಅದು ನಾಲಗೆಯ ತುದಿಗೂ ಬಂದಿತ್ತು. ಆದರೆ ಕಾಗದ ಮೇಜಿನ ಮೇಲೆಯೇ ಇತ್ತು, ಉಪ್ಪಿನ ಬಟ್ಟಲಿನ ಕೆಳಗೆ, ಬಿಳಿಯಾಗಿ.

ಜೂನ್ ಕೊನೆಯ ಸೇಂಟ್ ಜಾನ್ ಹಬ್ಬಕ್ಕೆ ಊರವರೆಲ್ಲ ಮನೆ ಮುಂದೆ ಬೆಂಕಿ ಹಾಕಿ ಜೋಳ ಸುಡುವ ಮೊದಲೇ ವಾಲ್ಮೀರ ದೂರದ ವಾಲೆನ್ಸ ಊರಿನ ಕಡೆ ಸಿಗಡಿ ಹಿಡಿಯುವ ದೋಣಿಗೆ ಕೆಲಸಕ್ಕೆ ಹೋದ. ತಾಯಿಗೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸುತ್ತಿದ್ದ: ಊಟ ಆಯ್ತಾ, ಅಜ್ಜಿ ಹೇಗಿದೆ, ಮನೆ ಸೂರಿನ ಹೆಂಚು ಸರಿ ಮಾಡಿಸು. ಕೊನೆಯಲ್ಲಿ ಸ್ವಲ್ಪ ಹೊತ್ತು ಅಲೆಯ ಸದ್ದು ಮಾತ್ರ ಇರುತ್ತಿತ್ತು. ಹೆಂಡತಿಯ ಹೆಸರು ಬರುತ್ತಿರಲಿಲ್ಲ.

ಮನೆಯಲ್ಲಿ ಮೂವರು ಹೆಂಗಸರು ಉಳಿದರು. ದೊರಲೀಸ ಜಸೀರಳಿಗೆ ಬೇರೆ ಲೋಟ ಇಟ್ಟಳು, ನೀಲಿ ಪಿಂಗಾಣಿಯದು. ಬೇರೆ ತಟ್ಟೆ, ಬೇರೆ ಟವೆಲು.  ಜಸೀರ ಯಾಕೆಂದು ಕೇಳದೆ ಅದರಲ್ಲೇ ಕುಡಿದಳು.

"ಆವತ್ತು ನಾನು ನಿನಗೆ ಕೊಟ್ಟಿದ್ದು ತಗಡಿನ ಡಬ್ಬಿ," ಎಂದಳು ಲೌರಿಂದಜ್ಜಿ ದೊರಲೀಸಳಿಗೆ. "ನೀನು ಪಿಂಗಾಣಿ ಕೊಟ್ಟೆ. ನನಗಿಂತ ಒಳ್ಳೆಯವಳೇ ನೀನು."

ದೊರಲೀಸ ಬಾಗಿಲನ್ನು ಧಡಾರನೆ ಹಾಕಿಕೊಂಡು ಕೆಸರಿಗೆ ಹೋದಳು.

ಆರೋಗ್ಯ ಕೇಂದ್ರದ ಮುಂದೆ ಮಾವಿನ ಮರದಡಿ ಒಂದು ಬೆಂಚಿದೆ. ಗುರುವಾರ ಅದರ ಮೇಲೆ ಕೂತವರು ಯಾವ ಸೂಜಿಗೆ ಕೂತಿದ್ದಾರೆಂದು ಊರಿಗೆಲ್ಲ ಗೊತ್ತು. ಚಿಪ್ಪಿ ಹೆಕ್ಕುವಲ್ಲಿ ಹೆಂಗಸರು ದೊರಲೀಸ ಬಂದೊಡನೆ ಹಾಡು ನಿಲ್ಲಿಸುವುದನ್ನು ಕಲಿತರು. ಒಬ್ಬಳು ಕೇಳಿಯೂ ಬಿಟ್ಟಳು: "ಮಗ ಊರು ಬಿಟ್ಟನಂತಲ್ಲ, ಅಕ್ಕಾ? ಸೊಸೆಗೆ ಸೂಜಿ ಮುಗೀತಾ?"

ದೊರಲೀಸ ಅವತ್ತು ಅರ್ಧ ಬಕೆಟ್ಟಿಗೇ ಮನೆಗೆ ಬಂದಳು. "ಇನ್ನು ಆ ಕೇಂದ್ರಕ್ಕೆ ಹೋಗೋದು ಬೇಡ," ಎಂದಳು ಜಸೀರಳಿಗೆ. "ಸೂಜಿ ಮೂರೂ ಆಯ್ತಲ್ಲ. ಹೊಟ್ಟೆ ನೋಡೋಕೆ ಅವರೇ ಬೇಕಾ? ನಾನು ಹೆತ್ತಿಲ್ವಾ?"

ಜುಲೈ ಮೊದಲ ವಾರ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆ ರಾಯಿಲ್ದ ಬಾಗಿಲಿಗೆ ಬಂದಳು. ದೊರಲೀಸ ಮೀನು ಉಜ್ಜುತ್ತಿದ್ದವಳು ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ದೊರಲೀಸಮ್ಮ, ಜಸೀರ ಎಲ್ಲಿ? ತಪಾಸಣೆಗೆ ಬರಲೇ ಇಲ್ಲ. ಸಾಲ್ವಡೋರಿಂದ ಕಾಗದ ಬಂದಿದೆ. ಡಾಕ್ಟ್ರು ಅವಳನ್ನ ಬೇಗ ನೋಡಬೇಕಂತೆ."

"ಕೊಟ್ಟು ಹೋಗು, ನಾನು ಕೊಡ್ತೀನಿ."

"ಹಾಗೆಲ್ಲ ಕೊಡೋ ಹಾಗಿಲ್ಲಮ್ಮ. ಅವಳ ಕೈಗೇ ಕೊಡಬೇಕು."

ಇನ್ನೊಂದು ಕಾಗದ! ಮೊದಲನೆಯದು ಮಗನನ್ನು ಒಯ್ದಿತ್ತು. ಎದುರು ಮನೆಯ ಕಿಟಕಿಯಲ್ಲಿ ಪರದೆ ಅಲುಗಿತು. ದೊರಲೀಸ ದನಿ ಎತ್ತಿದಳು, ಆ ಪರದೆಗೂ ಕೇಳಲಿ ಎಂದು: "ನಮ್ಮ ಸೊಸೆ ಊರಲ್ಲಿಲ್ಲ. ಬಾಣಂತನಕ್ಕೆ ತಾಯಿ ಮನೆಗೆ ಕಳಿಸಿದ್ದೀವಿ, ಎಲ್ಲ ಮನೆತನದವರು ಕಳಿಸೋ ಹಾಗೆ."

"ಐದೂವರೆ ತಿಂಗಳಿಗೇ?"

"ನಮ್ಮ ಸೊಸೆ, ನಮ್ಮಿಷ್ಟ."

ರಾಯಿಲ್ದ ಹೋದಳು. ಹತ್ತು ದಿನ ಬಿಟ್ಟು ಮತ್ತೆ ಬಂದಳು. ಮತ್ತೆ ಅದೇ ಉತ್ತರ ತೆಗೆದುಕೊಂಡು ಹೋದಳು.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕು. ದೊರಲೀಸ ಜಸೀರಳಿಗೆ ಹೊರಗೆ ಬರಬೇಡವೆಂದಳು. "ನಿನಗೆ ಎರಡು ಸಲ ಜಾರಿದೆ. ಮಲಗು. ಬಾವಿ, ಅಂಗಳ, ಏನೂ ಬೇಡ. ನಾನಿದ್ದೀನಿ."

"ಆಯ್ತು ಅತ್ತೆ," ಎಂದಳು ಜಸೀರ. ಅಷ್ಟು ಬೇಗ ಒಪ್ಪಿದ್ದಕ್ಕೆ ದೊರಲೀಸಳಿಗೆ ಆಶ್ಚರ್ಯವೇ ಆಯಿತು.

"ಆರು ತುಂಬೋ ಹೊಟ್ಟೆನ ಮಂಚದ ಕೆಳಗೆ ಬಚ್ಚಿಡ್ತೀಯೇನೆ?" ಲೌರಿಂದಜ್ಜಿ ಗೊಣಗಿದಳು. ಆದರೆ ತಾನೂ ಕೋಲೂರಿಕೊಂಡು ಹೋಗಿ ಆ ಮಂಚದ ಪಕ್ಕದಲ್ಲೇ ಕೂತಳು. ಹೊಟ್ಟೆಗೆ ಬಾಯಿ ಹತ್ತಿರ ಮಾಡಿ ಕಥೆ ಹೇಳುತ್ತಿದ್ದಳು: ಕೆಸರಿನಡಿ ಒಬ್ಬ ರಾಣಿ ಇದ್ದಾಳೆ, ಅವಳ ಕೂದಲೇ ಕಾಂಡ್ಲಾದ ಬೇರು, ಅವಳು ತಲೆ ಬಾಚಿದಾಗಲೇ ನಮಗೆ ಏಡಿ ಸಿಗೋದು. ಕೂಸು ಒದೆಯುತ್ತಿತ್ತು. "ಕೇಳ್ತಾಳೆ ಕಣ್ರೇ! ನನ್ನ ಮಾತು ಕೇಳೋಳು ಈ ಮನೇಲಿ ಇವಳೊಬ್ಬಳೇ."

ಆ ದಿನಗಳು, ಹೇಳಬೇಕೆಂದರೆ, ಆ ಮನೆಯ ಒಳ್ಳೆಯ ದಿನಗಳೇ ಆಗಿದ್ದವು. ದೊರಲೀಸ ತಾಳೆಣ್ಣೆ, ತೆಂಗಿನ ಹಾಲು ಹಾಕಿ ಚಿಪ್ಪಿ ಸಾರು ಮಾಡಿ ಮಂಚದ ಹತ್ತಿರಕ್ಕೇ ಒಯ್ಯುತ್ತಿದ್ದಳು. ಒಂದು ದಿನ ಅವಸರದಲ್ಲಿ ನೀಲಿ ಲೋಟ ಮರೆತು ತನ್ನ ಲೋಟದಲ್ಲೇ ಕಾಫಿ ಕೊಟ್ಟಳು. ಆಮೇಲೆ ನೀಲಿ ಲೋಟ ಹುಡುಕಲಿಲ್ಲ. ಜಸೀರ ಮಲಗಿದಲ್ಲೇ ಸಣ್ಣ ಅಂಗಿಗಳಿಗೆ ಹೆಣಿಗೆ ಅಂಚು ಹಾಕಿದಳು. ಹೆಣ್ಣೇ ಎಂದು ಮೂವರೂ ನಂಬಿ ಕೂಸಿಗೆ ಹೆಸರೂ ಇಟ್ಟಾಗಿತ್ತು: ಮಾರಿನ.

"ಇವಳ ತೊಡೆ ನೋಡ್ದೆಯಾ?" ಎಂದು ಒಮ್ಮೆ ಸ್ನಾನ ಮಾಡಿಸಿದ ಅಜ್ಜಿ ಹೇಳಿದಳು. "ನೇರಳೆ ಬಣ್ಣದ ಬಲೆ ನೇಯ್ದ ಹಾಗಿದೆ. ಎಡಗಾಲು ಬೇರೆ ಬಾಳೆದಿಂಡಾಗಿದೆ."

"ಮೊದಲಿಂದ್ಲೂ ಇದೆ ಅಜ್ಜಿ ಬಲೆ. ಕಾಲು ಮಾತ್ರ ಈಗ ನೋಯುತ್ತೆ."

"ಬಸುರಿ ಕಾಲು ಊದದೆ ಇನ್ನೇನು?" ಎಂದಳು ದೊರಲೀಸ. ಬಿಸಿ ಎಣ್ಣೆ ಹಚ್ಚಿ ದಿನಾ ಸಂಜೆ ತಿಕ್ಕಿದಳು. ಒಂದೊಂದು ಸಲ ಜಸೀರ ತುಟಿ ಕಚ್ಚುತ್ತಿದ್ದಳು. ಒಂದೊಂದು ಸಲ ದೊರಲೀಸಳೂ ಆರೋಗ್ಯ ಕೇಂದ್ರವನ್ನು ನೆನೆದಳು. ಕೂಡಲೇ ಬೆಂಚು ನೆನಪಾಗುತ್ತಿತ್ತು.

ಆಗಸ್ಟಿನ ಒಂದು ಮಂಗಳವಾರ ಬೆಳಿಗ್ಗೆ ಅಜ್ಜಿ ಕಥೆ ಹೇಳುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟಳು. ಕೈ ತೆಗೆಯಲಿಲ್ಲ.

"ದೊರಲೀಸ," ಎಂದು ಕರೆದಳು. ಆ ದನಿಯಲ್ಲಿ ಅವಳೆಂದೂ ಕರೆದಿರಲಿಲ್ಲ.

"ನಿನ್ನೆ ಊಟದಿಂದ ಕದಲಿಲ್ಲ ಅತ್ತೆ," ಎಂದಳು ಜಸೀರ. "ಮಲಗಿದೆ ಅಂದ್ಕೊಂಡೆ."

ಹಾಡಹಗಲಲ್ಲಿ, ಊರೆಲ್ಲ ನೋಡುತ್ತಿದ್ದಂತೆ, ಊರಲ್ಲಿಲ್ಲದ ಸೊಸೆಯನ್ನು ನಾಲ್ಕು ಜನ ಹೊತ್ತು ದೋಣಿಗೆ ಇಳಿಸಿದರು. ಮುಂದೆ ಓಡುತ್ತಿದ್ದವಳು ರಾಯಿಲ್ದ; ಕೈಯಲ್ಲಿ ಜಸೀರಳ ಕಡತ. ಅವಳು ದೊರಲೀಸಳ ಮುಖ ನೋಡಲಿಲ್ಲ.

ಸಾಲ್ವಡೋರಿನ ಹೆರಿಗೆ ಆಸ್ಪತ್ರೆಯಲ್ಲಿ ಜಸೀರ ಹದಿನಾರು ತಾಸು ನೋವು ತಿಂದು ಸತ್ತ ಕೂಸನ್ನು ಹೆತ್ತಳು. ಹೊರಗೆ ಉದ್ದನೆಯ ಪಡಸಾಲೆಯಲ್ಲಿ, ನರೆಗೂದಲಿನ ವೈದ್ಯೆಯೊಬ್ಬಳು ದೊರಲೀಸಳ ಪಕ್ಕದ ಕುರ್ಚಿಯಲ್ಲೇ ಕೂತು ಹೇಳಿದಳು.

"ಎಲ್ಲರ ಮೈಯಲ್ಲೂ ಕಾವಲುಗಾರರು ಇರ್ತಾರಮ್ಮ, ಹೊರಗಿನ ಕಳ್ಳ ಬಂದ್ರೆ ಹೊಡೆಯೋಕೆ. ಇವಳ ಮೈಯ ಕಾವಲುಗಾರರಿಗೆ ಗುರುತು ತಪ್ಪಿದೆ. ಮನೆಯವರನ್ನೇ ಕಳ್ಳರು ಅಂತ ಹಿಡೀತಾರೆ. ಆ ಗಲಾಟೆಯಲ್ಲಿ ರಕ್ತ ಬೇಡದ ಜಾಗದಲ್ಲಿ ಹೆಪ್ಪುಗಟ್ಟುತ್ತೆ. ಕಾಲಿನ ನರದಲ್ಲಿ ಕಟ್ಟಿದೆ. ಮಗೂಗೆ ಉಣಿಸೋ ಮಾಸಿನಲ್ಲೂ ಕಟ್ಟಿದೆ. ಮೊದಲಿನ ಎರಡು ಹೋಗಿದ್ದೂ ಬಹುಶಃ ಹೀಗೇ."

"ಆ ಇನ್ನೊಂದು ಕಾಯಿಲೆ? ಅದರಿಂದ ಅಲ್ವಾ?"

"ಅದು ಇವಳಿಗೆ ಇಲ್ಲವೇ ಇಲ್ಲ. ಆ ಮೊದಲನೇ ಪರೀಕ್ಷೆ ರೋಗವನ್ನೇ ನೇರವಾಗಿ ಹುಡುಕೋದಿಲ್ಲ. ಒಂದು ಬಗೆಯ ಕೊಬ್ಬನ್ನ ರಕ್ತಕ್ಕೆ ತೋರಿಸಿ, ಕಾವಲುಗಾರರು ಮೇಲೆ ಬೀಳ್ತಾರಾ ಅಂತ ನೋಡುತ್ತೆ. ಇವಳ ದಾರಿತಪ್ಪಿದ ಕಾವಲುಗಾರರು ಅದರ ಮೇಲೂ ಬಿದ್ರು. ಪಕ್ಕಾ ಪರೀಕ್ಷೆಯ ಕಾಗದ ಇಲ್ಲೇ ಕಡತದಲ್ಲಿದೆ. ಜೂನ್ ಕೊನೇದು. ಏನೂ ಇಲ್ಲ ಅಂತ ಬಂದಿದೆ. ಎರಡು ಮಗು ಹೋದವಳಿಗೆ ಹೀಗೆ ಬಂದ್ರೆ ನಮಗೆ ಅನುಮಾನ ಬರುತ್ತೆ. ತಕ್ಷಣ ಕಳಿಸಿ ಅಂತ ಕೆಳಗೆ ಬರೆದೂ ಇದೆ. ಯಾಕಮ್ಮ ಬರಲಿಲ್ಲ?"

ದೊರಲೀಸ ತನ್ನ ಉಗುರಿನ ಸಂದಿನ ಕೆಸರನ್ನು ನೋಡಿದಳು. "ಬಂದಿದ್ರೆ?"

"ದಿನಾ ಹೊಟ್ಟೆಗೊಂದು ಸಣ್ಣ ಸೂಜಿ, ರಕ್ತ ಕಟ್ಟದ ಹಾಗೆ. ಮೊದಲಿಂದ ಹಾಕಿದ್ರೆ ಹತ್ತರಲ್ಲಿ ಏಳೆಂಟು ಮಕ್ಕಳು ಉಳೀತವೆ. ಅಷ್ಟು ತಡವಾಗಿ ಶುರು ಮಾಡಿದ್ರೆ ಇದು ಉಳೀತಿತ್ತು ಅಂತ ನಾನು ಆಣೆ ಹಾಕಲಾರೆ." ವೈದ್ಯೆ ಕಡತ ಮುಚ್ಚಿದಳು. "ಉಳೀತಿರ್ಲಿಲ್ಲ ಅಂತಲೂ ಹಾಕಲಾರೆ."

ವಾಲ್ಮೀರ ಬಂದ. ಬಿಳಿಯ ಪೆಟ್ಟಿಗೆ ಒಂದು ಪಿಟೀಲು ಹಿಡಿಸುವಷ್ಟಿತ್ತು. ಯಾರಿಗೂ ಕೊಡದೆ ಅವನೇ ಎದೆಗೊತ್ತಿ ಹೊತ್ತು ನಡೆದ. ಮಣ್ಣು ಮಾಡಿ ಬಂದ ಮಧ್ಯಾಹ್ನ ನಾಲ್ವರೂ ಮೇಜಿಗೆ ಕೂತರು. ನೆರೆಯವರು ಕೊಟ್ಟುಹೋದ ಸಾರು ಆರಿ ಕೆನೆಗಟ್ಟಿತು. ವಾಲ್ಮೀರ ಕುರ್ಚಿಯಿಂದ ಇಳಿದು ಹೆಂಡತಿಯ ಮುಂದೆ ನೆಲದ ಮೇಲೆ ಕೂತ.

"ಜಸೀರ, ನಾನು ಕತ್ತೆ. ಹೊಡಿ ನನಗೆ. ಡಾಕ್ಟ್ರಮ್ಮ ಹೇಳಿದ್ರಲ್ಲ, ಸೂಜಿ ಹಾಕ್ಕೊಂಡ್ರೆ ಮುಂದಿನ ಸಲ..."

"ಮುಂದಿನ ಸಲ ಯಾರ ಜೊತೆ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಡಿಯಲ್ಲಿ ದರ ಕೇಳುವ ಹಾಗೆ ಕೇಳಿದಳು.

"ಕಾಗದ ನಿನ್ನ ಕಡೆ ಬೆರಳು ತೋರಿಸಿದಾಗ ನಾನು ಕಾಗದ ಬಿಟ್ಟೆ, ನಿನ್ನ ಹಿಡಿದೆ, ವಾಲ್ಮೀರ. ಅದು ನನ್ನ ಕಡೆ ತೋರಿಸಿದಾಗ ನೀನು ಕಾಗದ ಹಿಡಿದೆ. ಈಗ ಇನ್ನೊಂದು ಕಾಗದ ಬಂತು ಅಂತ ಬಂದಿದ್ದೀಯ. ನಾಳೆ ಮತ್ತೊಂದು ಬಂದ್ರೆ?"

ಲೌರಿಂದಜ್ಜಿ ಕೋಲೂರಿ ಎದ್ದು ಆರಿದ ಸಾರನ್ನು ಒಲೆಯ ಕಡೆ ಒಯ್ದಳು. 

ಮರುದಿನ ಬೆಳಿಗ್ಗೆ ಭರತದ ನೀರಿಗೆ ಅಕ್ಕಪಕ್ಕದ ಊರುಗಳ ದೋಣಿ ಬರುವುದಿತ್ತು. ಜಸೀರ ಆಚೆ ದಡದ ತಾಯಿ ಮನೆಗೆ ಹೊರಟಳು. ಬಟ್ಟೆಯ ಚೀಲ ಒಂದು, ಹೊಟ್ಟೆಗೆ ಹಾಕಿಕೊಳ್ಳುವ ಸೂಜಿಗಳ ಡಬ್ಬಿ ಒಂದು. ವಾಲ್ಮೀರ ಅಂಗಳದಲ್ಲೇ ನಿಂತ. ಬರಬೇಡವೆಂದು ಅವಳು ಹೇಳಿದ್ದಳು. ದೊರಲೀಸಳಿಗೆ ಬರಬೇಡವೆನ್ನಲಿಲ್ಲ. ಊದಿದ ಕಾಲು ಎಳೆಯುತ್ತ ನಡೆಯುವವಳ ಮೊಣಕೈ ಹಿಡಿದು ಅತ್ತೆ ಕಲ್ಲುಕಟ್ಟೆಯವರೆಗೂ ಬಂದಳು.

ದೋಣಿ ಇನ್ನೂ ತಿರುವಿನಲ್ಲಿತ್ತು. ದೊರಲೀಸ ಅತ್ತ ನೋಡುತ್ತಲೇ ಹೇಳಿದಳು.

"ನಿನಗೊಂದು ಹೇಳಬೇಕು ಕಣೆ. ಹೇಳಿದ್ಮೇಲೆ ಉಗೀ ಬೇಕಾದ್ರೆ. ಆ ಕಾಗದ ಬಂದಾಗ್ಲೇ ರಾಯಿಲ್ದ ನಮ್ಮ ಬಾಗಿಲಿಗೆ ಬಂದಿದ್ಲು. ಎರಡು ಸಲ. ಡಾಕ್ಟ್ರು ಬೇಗ ನೋಡಬೇಕಂತೆ ಅಂದ್ಲು. ನಾನು ನೀನು ಊರಲ್ಲಿಲ್ಲ ಅಂದೆ."

ಜಸೀರ ನೀರನ್ನೇ ನೋಡುತ್ತಿದ್ದಳು. "ಗೊತ್ತು ಅತ್ತೆ. ಕೋಣೇಲೇ ಇದ್ನಲ್ಲ. ಎರಡು ಸಲವೂ ಕೇಳಿಸ್ತು."

"ಕೇಳಿಸ್ತಾ?" ದೊರಲೀಸ ಅವಳನ್ನು ತನ್ನ ಕಡೆ ತಿರುಗಿಸಿಕೊಂಡಳು. "ಮತ್ತೆ ಯಾಕೆ ಹೊರಗೆ ಬರಲಿಲ್ಲ? ಒಂದು ಸಲ ಕೆಮ್ಮಬಾರದಿತ್ತಾ, ಮಾರಾಯ್ತಿ!"

"ಎದ್ದಿದ್ದೆ. ಬಾಗಿಲ ತನಕ ಬಂದಿದ್ದೆ." ಜಸೀರ ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ನೀವು 'ನಮ್ಮ ಸೊಸೆ' ಅಂದ್ರಿ. ವಾಲ್ಮೀರ ಹೋದ್ಮೇಲೆ ಒಂದ್ಸಲವೂ ಅಂದಿರ್ಲಿಲ್ಲ. ನಾನು ಹೊರಗೆ ಬಂದಿದ್ರೆ ಓಣಿ ಎದುರಿಗೆ ನಿಮ್ಮ ಮಾತು ಸುಳ್ಳಾಗ್ತಿತ್ತು. ವಾಪಸ್ ಹೋಗಿ ಮಲಗಿದೆ."

ದೋಣಿ ಬಂದು ಕಟ್ಟೆಗೆ ತಾಗಿತು. ಇಬ್ಬರು ಹೆಂಗಸರು ಹಾಗಲಕಾಯಿ ಮೂಟೆ ಇಳಿಸಿದರು. ದೋಣಿಯವನು ಹಗ್ಗ ಹಿಡಿದು, ಹತ್ತಿ ಹತ್ತಿ ಎಂದು ಕೂಗಿದ. ಜಸೀರ ಒಂದು ಕಾಲು ದೋಣಿಯಲ್ಲಿಟ್ಟಳು. ಮೊಣಕೈ ಹಿಡಿದಿದ್ದ ದೊರಲೀಸಳ ಕೈ ಬಿಡಲಿಲ್ಲ. ಬಿಡಬೇಕೆಂದು ಅದಕ್ಕೆ ಹೇಳುವವರು ಯಾರೂ ಒಳಗೆ ಉಳಿದಿರಲಿಲ್ಲ. ದೋಣಿಯವನು ಮತ್ತೆ ಕೂಗಿದ. ಜಸೀರ ಚೀಲವನ್ನು ಕೆಳಗಿಟ್ಟು, ಆ ಕೆಸರುಗಪ್ಪಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡಳು, ಅವಕ್ಕೆ ನೋಯದ ಹಾಗೆ.